ಮಳೆ ಹಿಡಿಯೋ ಮೊದಲು ಮನೆಯಲ್ಲೇ ಆಫೀಸು: ಯಾವ ಕೋಣೆ, ಎಷ್ಟು ಬ್ಯಾಟರಿ?

ತುಂಗೆ ದಂಡೆ, ತೀರ್ಥಹಳ್ಳಿ ತಾಲ್ಲೂಕು

ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಬಂದಾಯ್ತು. ಕಂಪನಿಯವರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿದರೆ ಸಾಕು ಅಂದಿದ್ದಾರೆ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ದಿನಕ್ಕೆ ಮೂರ್ನಾಲ್ಕು ಕಾಲ್ ಇರುತ್ತವೆ, ಉಳಿದ ಹೊತ್ತು ನನ್ನ ಪಾಡಿಗೆ ನಾನು.

ಮನೆ ಹಳೆಯದು, ಹೆಂಚಿನದು. ಮೂರು ಜಾಗ ನೋಡಿಟ್ಟಿದ್ದೇನೆ. ಜಗಲಿ ಪಕ್ಕದ ಕೋಣೆ ಒಂದು. ಮಾಳಿಗೆ ಮೇಲೆ ಇನ್ನೊಂದು, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಗಾಜಿನ ಹೆಂಚೂ ಇದೆ. ಮೂರನೆಯದು ಅಂಗಳದಾಚೆ ಅಡಿಕೆ ಚೀಲ ಇಡುವ ಕೋಣೆ, ಶೀಟಿನ ಮಾಡು. ಕೈಯಲ್ಲಿ ಅರವತ್ತು ಸಾವಿರ ಇದೆ. ಒಳ್ಳೆ ಕುರ್ಚಿ, ಮೇಲೆ ಕೆಳಗೆ ಮಾಡುವ ಟೇಬಲ್ಲು, ದೊಡ್ಡ ಮಾನಿಟರು, ಚಂದದ ಒಂದು ದೀಪ. ದುಡ್ಡು ಉಳಿದರೆ ಇನ್ವರ್ಟರ್. ಮೃಗಶಿರ ಮಳೆಗೆ ಮೊದಲು ಎಲ್ಲ ಮುಗಿಯಬೇಕು. ಅನುಭವ ಇದ್ದವರು ಹೇಳಿ.

ಕರೆಂಟಣ್ಣ, ಹೊಸನಗರ

ಮಾರಾಯ್ರೇ, ಆ ಪಟ್ಟಿಯನ್ನು ಕೆಳಗಿನಿಂದ ಮೇಲೆ ಓದಿ, ಸರಿಹೋಗುತ್ತದೆ. ನಾನು ವೈರಿಂಗ್ ಕೆಲಸದವನು. ಬೆಂಗಳೂರಿನಿಂದ ಬಂದವರೆಲ್ಲ ಮೊದಲು ಕುರ್ಚಿ ತರುತ್ತಾರೆ, ಆರಿದ್ರಾ ಮಳೆಯಲ್ಲಿ ನನಗೆ ಫೋನ್ ಮಾಡುತ್ತಾರೆ. ಆ ಮಳೆಯಲ್ಲಿ ನಾನು ಸಿಗುವುದಿಲ್ಲ.

ಸುಮ್ನೆ ಲೆಕ್ಕ ಹಾಕಿ. 150 ಎಎಚ್‌ನ (ಆಂಪಿಯರ್-ಅವರ್) ಒಂದು ಬ್ಯಾಟರಿ 12 ವೋಲ್ಟಿಂದು. ಎರಡನ್ನೂ ಗುಣಿಸಿದರೆ 1800 ವಾಟ್-ಅವರ್. ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅರ್ಧದಷ್ಟೇ ಖರ್ಚು ಮಾಡಬೇಕು. 900 ಉಳಿಯಿತು. ಇನ್ವರ್ಟರಿನಲ್ಲೇ ಒಂದಿಷ್ಟು ಸೋರುತ್ತದೆ, ಕೈಗೆ ಸಿಗುವುದು 750 ಅಂದುಕೊಳ್ಳಿ. ಲ್ಯಾಪ್‌ಟಾಪ್ 50, ಮಾನಿಟರು 25, ರೂಟರ್ ಮತ್ತು ಫೈಬರ್ ಡಬ್ಬಿ ಸೇರಿ 15, ದೀಪ 9. ಹೆಚ್ಚುಕಡಿಮೆ 100 ವಾಟ್. ಅಂದರೆ ಏಳು ಗಂಟೆ. ಒಂದು ದಿನದ ಕೆಲಸ ಆಯ್ತಲ್ಲ ಅಂತ ಖುಷಿ ಪಡಬೇಡಿ. ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಕರೆಂಟು ಬೇಕು. ಪುನರ್ವಸು ಮಳೆಯಲ್ಲಿ ಮರ ಬಿದ್ದು ಲೈನು ಹೋದರೆ ದಿನಕ್ಕೆ ಎರಡು ಗಂಟೆ ಬಂದರೆ ಪುಣ್ಯ. ಎರಡನೇ ದಿನಕ್ಕೆ ನಿಮ್ಮ ಇನ್ವರ್ಟರ್ ಕುಂಯ್ ಅನ್ನುತ್ತದೆ. ಜಾಸ್ತಿ ಬ್ಯಾಟರಿ ಇಟ್ಟರೂ ತುಂಬಿಸಲು ಕರೆಂಟೇ ಇಲ್ಲ ಅಂದರೆ ಏನು ಪ್ರಯೋಜನ? ಶರಾವತಿ ನೀರಲ್ಲಿ 1035 ಮೆಗಾವಾಟ್ ತೆಗೆಯುವ ಘಟಕ ನಮ್ಮಲ್ಲಿದೆ, ನಾವು ಮೇಣದ ಬತ್ತಿ ಹುಡುಕುತ್ತೇವೆ. ಇರಲಿ.

ಹಾಗಾಗಿ ಖರ್ಚು ಇಳಿಸುವುದೇ ದಾರಿ. ಮಾನಿಟರಿಗೆ ಬೇರೆ ಸ್ವಿಚ್ ಇಟ್ಟು ಕರೆಂಟು ಹೋದಾಗ ಬಂದ್ ಮಾಡಿ. ಹಳೆ ಫ್ಯಾನ್ 70 ವಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ರೂಟರಿಗೆ ಅಂಗೈ ಅಗಲದ ಮಿನಿ ಯುಪಿಎಸ್ ಸಿಗುತ್ತದೆ, ಅದನ್ನೇ ಹಾಕಿ. ಹುಷಾರಿ, ರೂಟರ್ 12 ವೋಲ್ಟಿಂದು, ಬ್ಯಾಟರಿನೂ 12 ವೋಲ್ಟಿಂದು ಅಂತ ನೇರ ವೈರ್ ಎಳೆಯಬೇಡಿ. ಚಾರ್ಜ್ ಆಗುವಾಗ ಬ್ಯಾಟರಿ 14 ದಾಟುತ್ತದೆ. ರೂಟರ್ ಹೋಗಬಹುದು.

ಕೊಂಡರೆ ಸೈನ್ ವೇವ್ ಇನ್ವರ್ಟರೇ ಕೊಳ್ಳಿ, ಅದು ಲೈನಿನ ಕರೆಂಟಿನ ಹಾಗೇ ನಯವಾದ ಕರೆಂಟು ಕೊಡುತ್ತದೆ. ಬ್ಯಾಟರಿ ಸೇರಿ ಇಪ್ಪತ್ತು ಇಪ್ಪತ್ತೈದು ಸಾವಿರ ಆಗುತ್ತದೆ.

ಅಡಿಕೆ ಸುಲಿದವ, ಕೊಪ್ಪ

ಕರೆಂಟಣ್ಣ, ನಮ್ಮಲ್ಲಿ ಕರೆಂಟು ಇದ್ದರೂ ಇನ್ವರ್ಟರ್ ಬ್ಯಾಟರಿಯಲ್ಲೇ ಓಡುತ್ತದೆ. ಸಂಜೆ ಹೊತ್ತು ಜಾಸ್ತಿ. ಬ್ಯಾಟರಿ ಹಾಳಾಯ್ತಾ?

ಕರೆಂಟಣ್ಣ, ಹೊಸನಗರ

ಹಾಳಾಗಿಲ್ಲ. ಇನ್ವರ್ಟರ್ ಹಿಂದೆ ಸಣ್ಣ ಸ್ವಿಚ್ ಇದೆ ನೋಡಿ, ಯುಪಿಎಸ್ ಮತ್ತು ನಾರ್ಮಲ್ ಅಂತ. ಯುಪಿಎಸ್ ಕಡೆ ಇದ್ದರೆ 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಅದು ಒಪ್ಪುವುದೇ ಇಲ್ಲ, ಬ್ಯಾಟರಿಗೆ ಹೋಗಿಬಿಡುತ್ತದೆ. ಎಲ್ಲರೂ ಪಂಪು ಹಾಕುವ ಹೊತ್ತಿಗೆ ಹಳ್ಳಿಯಲ್ಲಿ ವೋಲ್ಟೇಜ್ 170ಕ್ಕೆ ಇಳಿದಿರುತ್ತದೆ. ನಾರ್ಮಲ್‌ಗೆ ಹಾಕಿ. ಕರೆಂಟು ಹೋದಾಗ ಒಂದು ಕ್ಷಣ ತಡವಾಗಿ ಬದಲಾಗುತ್ತದೆ ಅಷ್ಟೆ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ, ಗೊತ್ತೂ ಆಗುವುದಿಲ್ಲ. ಡೆಸ್ಕ್‌ಟಾಪ್ ಇದ್ದವರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಕಡಿಮೆ ವೋಲ್ಟೇಜಿಗೆ ಅದು ಹೆದರುವುದಿಲ್ಲ, ಅದಕ್ಕೆ ಸ್ಟೆಬಿಲೈಸರ್ ಬೇಡ.

ಮುಚ್ಚಿಗೆ ಮನೆ, ನಗರ ಹೋಬಳಿ

ಕೋಣೆ ವಿಷಯಕ್ಕೆ ಬರುತ್ತೇನೆ. ಶೀಟಿನ ಕೋಣೆ ಬೇಡವೇ ಬೇಡ. ಜೋರು ಮಳೆಯಲ್ಲಿ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ, ಇನ್ನು ಕಾಲ್‌ನಲ್ಲಿ ಇದ್ದವರಿಗೆ ಎಲ್ಲಿಂದ ಕೇಳಬೇಕು? ಮಾಳಿಗೆಯೂ ನೇರ ಹೆಂಚಿನ ಕೆಳಗಿದ್ದರೆ ಅದೇ ಕಥೆ, ಸ್ವಲ್ಪ ಕಡಿಮೆ. ಜೊತೆಗೆ ಮಂಗ. ಒಂದು ಹಿಂಡು ಮಾಡಿನ ಮೇಲೆ ಓಡಿದರೆ ನಾಲ್ಕು ಹೆಂಚು ಸರಿದಿರುತ್ತದೆ, ಎರಡು ಒಡೆದಿರುತ್ತದೆ. ಮಳೆ ಬಂದಾಗಲೇ ಗೊತ್ತಾಗುವುದು. ಅದರ ಕೆಳಗೆ ನಿಮ್ಮ ಮಾನಿಟರು ಇರುತ್ತದೆ.

ಜಗಲಿ ಪಕ್ಕದ ಕೋಣೆಗೆ ಮರದ ಮುಚ್ಚಿಗೆ ಇದೆಯಾ? ಹಲಗೆ ಹಾಸಿ ಮೇಲೆ ಮಣ್ಣು ಹಾಕಿದ್ದು? ಇದ್ದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಆರಿಸಿ. ಮಳೆ ಸದ್ದನ್ನು ಮಣ್ಣು ತಿನ್ನುತ್ತದೆ, ಬೇಸಿಗೆಯಲ್ಲಿ ತಂಪು, ಸೋರಿದರೂ ಅಟ್ಟದಲ್ಲೇ ಮೊದಲು ಗೊತ್ತಾಗುತ್ತದೆ. ಕತ್ತಲೆ ಅನ್ನುವುದೊಂದೇ ತೊಂದರೆ. ಅದಕ್ಕೆ ದೀಪ ಇದೆ.

ಗಾಜಿನ ಹೆಂಚು ಅಂದ್ರಲ್ಲ, ಅದು ನೋಡಲು ಚಂದ. ಅದರಿಂದ ಬಿದ್ದ ಬಿಸಿಲಿನ ತುಂಡು ಬೆಳಗ್ಗೆ ಗೋಡೆ ಮೇಲೆ ಇರುತ್ತದೆ, ಹನ್ನೊಂದಕ್ಕೆ ಟೇಬಲ್ಲಿಗೆ ಇಳಿಯುತ್ತದೆ, ಹನ್ನೆರಡಕ್ಕೆ ಸರಿಯಾಗಿ ಪರದೆ ಮೇಲೆ ಕೂರುತ್ತದೆ. ಆಮೇಲೆ ನೀವು ಟೇಬಲ್ಲು ಎಳೆದಾಡುತ್ತಾ ಇರಬೇಕು. ಕಿಟಕಿ ಪಕ್ಕಕ್ಕಿರಲಿ, ಎದುರಿಗೂ ಬೇಡ, ಬೆನ್ನಿಗೂ ಬೇಡ.

ತುಂಗೆ ದಂಡೆ, ತೀರ್ಥಹಳ್ಳಿ ತಾಲ್ಲೂಕು

ಮುಚ್ಚಿಗೆ ಇದೆ! ಅಜ್ಜನ ಕಾಲದ್ದು. ಆದರೆ ಆ ಕೋಣೆಯ ಗೋಡೆ ಮೊಳದಷ್ಟು ದಪ್ಪ, ಮಣ್ಣಿನದು. ನಡುಮನೆಯಲ್ಲಿ ರೂಟರ್ ಇಟ್ಟರೆ ವೈಫೈ ಒಳಗೆ ಬರುತ್ತಾ? ಪಕ್ಕದ ಮನೆವರೆಗೆ ಫೈಬರ್ ಬಂದಿದೆ.

ಹಸಿರು ದೀಪ, ಸಾಗರ

ವೈಫೈನ 2.4 ಗಿಗಾಹರ್ಟ್ಸ್ ಅಲೆ ತೆವಳಿಕೊಂಡು ಬರಬಹುದು, 5 ಬರುವುದಿಲ್ಲ. ವೈಫೈ ನೆಚ್ಚಬೇಡಿ, ಕ್ಯಾಟ್ 6 ತಂತಿ ಎಳೆಯಿರಿ. 100 ಮೀಟರ್‌ವರೆಗೂ ಅದು ಸರಿಯಾಗಿ ಓಡುತ್ತದೆ. ಒಂದೇ ಮನೆಯೊಳಗೆ ಆದರೆ ಮಾತ್ರ ಅದು. ಅಂಗಳ ದಾಟಿ ಇನ್ನೊಂದು ಕಟ್ಟಡಕ್ಕೆ ಹೋಗುವುದಾದರೆ ತಾಮ್ರದ ತಂತಿ ಬೇಡ, ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಅಲ್ಲಿಗೂ ಫೈಬರನ್ನೇ ಎಳೆಯಬೇಕು.

ಫೈಬರ್ ಹಾಕಲು ಬಂದವರಿಗೆ ಒಂದು ಮಾತು ಕೇಳಿ, ಆರ್‌ಎಕ್ಸ್ ಪವರ್, ಅಂದರೆ ಫೈಬರಿನಲ್ಲಿ ಡಬ್ಬಿಗೆ ಮುಟ್ಟುವ ಬೆಳಕಿನ ಬಲ, ಎಷ್ಟು ಬರುತ್ತಿದೆ ಅಂತ. ಡಬ್ಬಿಯ ಸೆಟ್ಟಿಂಗ್ ಪುಟದಲ್ಲೂ ಕಾಣುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 27 ಅಂದರೆ ಅಂಚಿನಲ್ಲಿದೆ, ಮಳೆಗೆ ಕಂಬದ ಮೇಲಿನ ಜಾಯಿಂಟ್ ಡಬ್ಬಿಗೆ ನೀರು ಹೋದರೆ ಡಬ್ಬಿಯಲ್ಲಿ ಕೆಂಪು ದೀಪ ಖಂಡಿತ, ನೆಟ್ ಹೋದ ಹಾಗೆ. ಮಳೆಗಾಲಕ್ಕೆ ಮೊದಲೇ ಆ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ನೆಟ್ ಸ್ಲೋ ಅಂತ ದೂರು ಕೊಟ್ಟರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಮೈನಸ್ 19 ಇದ್ದದ್ದು 26 ಆಗಿದೆ ಅಂದರೆ ಮಾತು ಬೇರೆ ಆಗುತ್ತದೆ.

ಮನೆಗೆ ಬರುವ ತಂತಿ ಅಡಿಕೆ ಮರಕ್ಕೆ ಕಟ್ಟಿದ್ದರೆ ಬಿಗಿಯಾಗಿ ಕಟ್ಟಬೇಡಿ, ಗಾಳಿಗೆ ಮರ ಬಾಗುವಷ್ಟು ಸಡಿಲ ಬಿಡಿ. ಅಟ್ಟದ ಮೇಲೆ ಹಾದುಹೋಗುವ ಕಡೆ ಪೈಪಿನೊಳಗೆ ಹಾಕಿ, ಇಲಿಗೆ ಆ ತಂತಿಯ ಸಿಪ್ಪೆ ಅಂದರೆ ಪ್ರಾಣ.

ಇನ್ನೊಂದು. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಾಲದು. ನೆಟ್ ಕೊಡುವವರ ಯಂತ್ರಕ್ಕೂ, ಮೊಬೈಲ್ ಟವರಿಗೂ ಕರೆಂಟು ಬೇಕು. ಅವರ ಬ್ಯಾಟರಿ ಮುಗಿದರೆ ಊರಿಗೆ ಊರೇ ಸುಮ್ನಾಗುತ್ತದೆ. ಬೇರೆ ಕಂಪನಿಯ ಸಿಮ್ ಒಂದಿರಲಿ, ಅದರ ಟವರ್ ಬೇರೆ ಫೀಡರಿನಲ್ಲಿದ್ದರೆ, ಅಂದರೆ ಬೇರೆ ಕರೆಂಟು ಲೈನಿನಲ್ಲಿದ್ದರೆ, ಇನ್ನೂ ಒಳ್ಳೆಯದು. ಗುಡ್ಡ ಹತ್ತಿ ಕೊಡೆ ಹಿಡಿದು ಕಾಲ್ ಮಾಡಬಹುದು, ಇಂಬಳ ಹತ್ತುವುದೂ ಗೊತ್ತಾಗುವುದಿಲ್ಲ. ವಿಡಿಯೊ ಬಂದ್ ಮಾಡಿದರೆ ಬರೀ ಮಾತಿಗೆ 100 ಕೆಬಿಪಿಎಸ್ ಸಾಕು.

ಪೇಟೆಯವ

ಇಷ್ಟೆಲ್ಲ ಒದ್ದಾಟ ಯಾಕೆ? ತೀರ್ಥಹಳ್ಳಿ ಪೇಟೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿಯಿರಿ. ಬೆಳಗ್ಗೆ ಬಸ್ಸಿಗೆ ಹೋಗಿ, ಸಂಜೆ ಬನ್ನಿ. ಇನ್ವರ್ಟರ್ ದುಡ್ಡಲ್ಲಿ ಒಂದು ವರ್ಷದ ಬಾಡಿಗೆ ಆಗುತ್ತದೆ.

ಸಾಗರದ ಸೊಸೆ

ಪೇಟೆಯಣ್ಣ, ಬಸ್ಸು ಸಿಗುವ ಊರಿನವರು ನೀವು. ಆರು ಗಂಟೆಯ ಬಸ್ಸು ತಪ್ಪಿದರೆ ನಮಗೆ ರಾತ್ರಿ ಪೇಟೆಯಲ್ಲೇ. ಅದೂ ಅಲ್ಲದೆ ಅವರು ಊರಿಗೆ ಬಂದದ್ದು ಮನೆಯಲ್ಲಿ ಇರಲು ಅಲ್ವಾ?

ನಾನು ಮನೆಯಿಂದ ಒಂದು ಕಂಪನಿಗೆ ಗ್ರಾಹಕರ ಮೇಲ್ ನೋಡುವ ಕೆಲಸ ಮಾಡುತ್ತೇನೆ. ಎಲ್ಲರೂ ಕರೆಂಟು, ನೆಟ್ಟು ಅಂತಿದ್ದೀರಿ. ಅದಕ್ಕೆ ದುಡ್ಡು ಕೊಟ್ಟರೆ ಪರಿಹಾರ ಇದೆ. ಮನೆಯವರಿಗೆ ಏನು ಮಾಡುತ್ತೀರಿ? ಗಂಡಸರು ಬಾಗಿಲು ಹಾಕಿಕೊಂಡರೆ ಕೆಲಸ. ನಾವು ಹಾಕಿಕೊಂಡರೆ ಸಿಟ್ಟು ಬಂದಿದೆ ಅಂತ ಅರ್ಥ. ನೆಂಟರು ಬಂದರೆ ಒಳಗೇ ಇದ್ದಾಳಲ್ಲ, ಒಂದು ಕಾಫಿ ಮಾಡಲಿ ಅನ್ನುತ್ತಾರೆ.

ಬಾಗಿಲಿಗೆ ಬೋರ್ಡು ಹಾಕುವುದು, ಕೆಂಪು ಬಟ್ಟೆ ಕಟ್ಟುವುದು ಯಾವುದೂ ನಡೆಯಲಿಲ್ಲ. ನಡೆದದ್ದು ಅಡುಗೆಮನೆಯ ಕ್ಯಾಲೆಂಡರ್. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಅದೇ ಕ್ಯಾಲೆಂಡರಿನಲ್ಲಿ ನನ್ನ ಮೀಟಿಂಗ್ ಹೊತ್ತನ್ನೂ ಬರೆಯುತ್ತೇನೆ. ಅದರಲ್ಲಿ ಬರೆದದ್ದಕ್ಕೆ ನಮ್ಮ ಮನೆಯಲ್ಲಿ ಬೆಲೆ ಇದೆ. ಈಗ ಅತ್ತೆಯೇ ಮಾವನಿಗೆ ಹೇಳುತ್ತಾರೆ, ಹತ್ತೂವರೆಗೆ ಅವಳ ಮೀಟಿಂಗ್ ಉಂಟು, ಟಿವಿ ಸಣ್ಣ ಮಾಡಿ ಅಂತ. ಹನ್ನೆರಡರಿಂದ ಒಂದರವರೆಗೆ ಆಫೀಸಿನ ಕ್ಯಾಲೆಂಡರಿನಲ್ಲಿ ನಾನು ಬಿಡುವಿಲ್ಲ ಅಂತ ಹಾಕಿದ್ದೇನೆ, ಆ ಹೊತ್ತು ಅಡುಗೆಗೆ. ಎರಡೂ ಕಡೆ ಬರೆದಿಟ್ಟರೆ ಎರಡೂ ಕಡೆ ಬೈಗುಳ ಕಡಿಮೆ.

ತುಂಗೆ ದಂಡೆಯವರೇ, ನಿಮ್ಮ ಅಪ್ಪಯ್ಯನವರಿಗೂ ಮೊದಲೇ ಹೇಳಿ. ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಮಗ ಮನೆಯಲ್ಲೇ ಇದ್ದಾನೆ ಅಂದರೆ ಅವರ ಲೆಕ್ಕದಲ್ಲಿ ನೀವು ಒಬ್ಬ ಆಳು. ಆ ದಿನಗಳಿಗೆ ರಜೆ ಉಳಿಸಿಕೊಳ್ಳಿ. ಅಡಿಕೆ ಸುಲಿಯುವ ಯಂತ್ರ ಅಂಗಳದಲ್ಲಿ ಓಡುವಾಗ ನಿಮಗೆ ಕಾಲ್ ಮಾಡಲು ಆಗುವುದೂ ಇಲ್ಲ.

ತುಂಗೆ ದಂಡೆ, ತೀರ್ಥಹಳ್ಳಿ ತಾಲ್ಲೂಕು

ಅಕ್ಕ, ನಮ್ಮ ಅಪ್ಪಯ್ಯನನ್ನು ನೋಡಿದ ಹಾಗೆ ಬರೆದಿದ್ದೀರಿ. ನಿನ್ನೆಯೇ ಕೇಳಿದರು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪೈಪು ಹಿಡಿಯುತ್ತೀಯಲ್ಲ ಅಂತ.

ಪೇಟೆಯವರು ಹೇಳಿದ್ದರಲ್ಲೂ ಒಂದು ಮಾತಿದೆ. ನಮ್ಮ ಚಿಕ್ಕಮ್ಮನ ಮನೆ ಪೇಟೆಯಲ್ಲೇ ಇದೆ. ಲೈನು ಪೂರ್ತಿ ಬಿದ್ದ ದಿನ ಅಲ್ಲಿಗೆ ಹೋಗಬಹುದು. ಅದಕ್ಕೆ ರೂಮು ಬೇಡ ಅನ್ನಿಸುತ್ತದೆ.

ಘಾಟಿ ಮೇಲೆ, ಆಗುಂಬೆ ಹತ್ತಿರ

ಬೂಸ್ಟಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬರುವುದಿಲ್ಲ. ಒಂದೇ ಜಿಲ್ಲೆ ಅಂತ ಅಲ್ಲಿಯವರ ಸಲಹೆ ಇಲ್ಲಿ ನಡೆಯುವುದಿಲ್ಲ.

ಆ ಚಂದದ ಕುರ್ಚಿ ಚರ್ಮದ್ದೋ ರೆಕ್ಸಿನ್ನೋ ಆಗಿದ್ದರೆ ಆಶ್ಲೇಷ ಮಳೆ ಹೊತ್ತಿಗೆ ಬೆಳ್ಳಗೆ ಪುಡಿ ಎದ್ದಿರುತ್ತದೆ. ಜಾಳಿಗೆಯ ಬೆನ್ನಿನದು ತೆಗೆದುಕೊಳ್ಳಿ. ಒತ್ತಿದ ಹೊಟ್ಟಿನ ಹಲಗೆಯ ಟೇಬಲ್ಲು ಬೇಡ, ಅಂಚು ಉಬ್ಬಿ ಹೂವಾಗುತ್ತದೆ. ಮನೆಯಲ್ಲಿ ಹಲಸಿನ ಹಲಗೆ ಇದ್ದರೆ ಆಚಾರಿಯನ್ನು ಕರೆಸಿ, ಅರ್ಧ ದಿನದ ಕೆಲಸ. ಟೇಬಲ್ಲು, ಬೀರು ಎರಡನ್ನೂ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಗಾಳಿ ಆಡುತ್ತದೆ, ಒರಲೆ ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಲ್ಯಾಪ್‌ಟಾಪನ್ನು ದಿನಾ ಹಚ್ಚುತ್ತಿದ್ದರೆ ಅದರ ಬಿಸಿಗೇ ಅದು ಒಣಗಿರುತ್ತದೆ. ಕೆಡುವುದು ಮುಚ್ಚಿಟ್ಟ ಸಾಮಾನು. ಕ್ಯಾಮೆರಾ, ಹಾರ್ಡ್ ಡಿಸ್ಕ್, ಹೆಡ್‌ಫೋನ್ ಇವಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಕಾಳು ತಗೊಳ್ಳಿ. ಬಣ್ಣ ಹೋದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ವಾಪಸ್ ಕೊಡಬೇಡಿ. ಬೀರುವಿನಲ್ಲಿ ಹಳೇ ಕಾಲದ 15 ವಾಟ್ ತಂತಿ ಬಲ್ಬು ಹಚ್ಚಿಡುವುದೂ ನಡೆಯುತ್ತದೆ, ಬಟ್ಟೆ ಕಾಗದ ತಾಗದ ಹಾಗೆ ನೋಡಿಕೊಳ್ಳಬೇಕು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ.

ಕೆಲವರು ಒಲೆ ಮೇಲಿನ ಅಟ್ಟದಲ್ಲಿ ಇಡಿ ಅನ್ನುತ್ತಾರೆ. ಕಾಗದಪತ್ರಕ್ಕೆ ಸರಿ, ಯಂತ್ರಕ್ಕೆ ಹೊಗೆ ಮಸಿ ಒಳ್ಳೆಯದಲ್ಲ.

ಲೆಕ್ಕದಕ್ಕ, ಶಿವಮೊಗ್ಗ

ಕಾಗದ ಅಂದದ್ದಕ್ಕೆ ಬಂದೆ. ಗಾಂಧಿ ಬಜಾರಿನ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ಮನೆಯಲ್ಲೇ ಮಾಡುತ್ತೇನೆ. ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಆರ್-1 ರಿಟರ್ನ್, 20ಕ್ಕೆ ತೆರಿಗೆ ಕಟ್ಟುವ 3ಬಿ ರಿಟರ್ನ್. 20ನೇ ತಾರೀಕು ರಾತ್ರಿ ಕರೆಂಟು ಹೋಯ್ತು ಅಂದರೆ ಸರ್ಕಾರ ಕೇಳುವುದಿಲ್ಲ, ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. ಹಾಗಾಗಿ ಮಳೆಗಾಲದಲ್ಲಿ ನನ್ನ ಗಡುವು 17. ಸಾಫ್ಟ್‌ವೇರಿನವರೂ ಹೀಗೇ ಎರಡು ಮೂರು ದಿನ ಹಿಂದೆ ಸರಿಸಿಕೊಳ್ಳಿ.

ಮಳೆಗಾಲಕ್ಕೆ ಫೈಲು ಇಡುವ ಕ್ರಮವೇ ಬೇರೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಬಿಡುತ್ತವೆ. ರಬ್ಬರ್ ಬ್ಯಾಂಡ್ ಕರಗಿ ಅಂಟಾಗುತ್ತದೆ. ಸರ್ಕಾರಿ ಕಚೇರಿಯಲ್ಲಿ ಬಳಸುವ ಟ್ಯಾಗ್ ದಾರ ಇದೆಯಲ್ಲ, ಅದೇ ಸರಿ. ಪೆಟ್ರೋಲ್ ಬಂಕು, ಮಾಲ್‌ಗಳಲ್ಲಿ ಕೊಡುವ ನಯವಾದ ಬಿಲ್ಲು ಕೆಲವೇ ತಿಂಗಳಲ್ಲಿ ಬರೀ ಬಿಳಿ ಹಾಳೆ ಆಗುತ್ತದೆ, ಅದನ್ನು ಬಂದ ದಿನವೇ ಫೋನಿನಲ್ಲಿ ಫೋಟೋ ತೆಗೆಯಿರಿ. ಫೋಟೋಗೆ ಹೆಸರು ಕೊಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ತಾನೇ ಸಾಲಾಗಿ ನಿಲ್ಲುತ್ತದೆ. ಜಿಎಸ್‌ಟಿ ದಾಖಲೆ ಆರು ವರ್ಷ ಇಡಬೇಕು. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಮನೆಯಾಚೆ, ಗೂಗಲ್ ಡ್ರೈವ್‌ನಲ್ಲೋ ತಂಗಿ ಮನೆಯಲ್ಲೋ.

ಪ್ರಿಂಟರ್ ಕೊಳ್ಳುವವರು ಲೇಸರ್ ನೋಡಿ. ಇಂಕಿನದು ವಾರಗಟ್ಟಲೆ ಬಳಸದಿದ್ದರೆ ಬಾಯಿ ಕಟ್ಟಿಕೊಳ್ಳುತ್ತದೆ. ಬಿಡಿಸಿದ ಹಾಳೆಯ ಕಟ್ಟನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಡಿ. ತೇವ ಹೀರಿದ ಹಾಳೆ ಸುರುಳಿಯಾಗಿ ಒಳಗೆ ಸಿಕ್ಕಿಕೊಳ್ಳುತ್ತದೆ.

ಸೊಂಟ ಹಿಡಿದವ, ಭದ್ರಾವತಿ

ಎಲ್ಲರೂ ಸೇರಿ ಕುರ್ಚಿಯನ್ನು ಪಟ್ಟಿಯಿಂದಲೇ ಓಡಿಸಬೇಡಿ ಮಾರಾಯ್ರೆ. ಎಂಟು ಗಂಟೆ ಊಟದ ಕುರ್ಚಿಯಲ್ಲಿ ಕೂತು ನೋಡಿ, ಗೊತ್ತಾಗುತ್ತದೆ. ಬೆಂಗಳೂರಲ್ಲಿ ಮುಚ್ಚಿದ ಆಫೀಸುಗಳ ಕುರ್ಚಿ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ. ಮೇಲೆ ಕೆಳಗೆ ಆಗುವ ಟೇಬಲ್ಲಿಗೆ ಮಾತ್ರ ನಾನೂ ಬೇಡ ಅನ್ನುತ್ತೇನೆ. ಅದರಲ್ಲಿ ಮೋಟರ್ ಇದೆ, ಕರೆಂಟಿಲ್ಲದಾಗ ಎದ್ದಲ್ಲೇ ನಿಂತಿರುತ್ತದೆ.

ಆಚಾರಿ ಕೇಳದೆ ಮಾಡಿದರೆ ಟೇಬಲ್ಲು 30 ಇಂಚು ಎತ್ತರ ಬರುತ್ತದೆ. ಎತ್ತರದ ಆಳಿಗೆ ಸರಿ. ಗಿಡ್ಡ ಇದ್ದವರಿಗೆ ಭುಜ ಎತ್ತಿಕೊಂಡೇ ಟೈಪ್ ಮಾಡಬೇಕು. ಮೊಣಕೈ ಟೇಬಲ್ಲಿನ ಸಮಕ್ಕೆ ಬರುವ ಹಾಗೆ ಕುರ್ಚಿ ಏರಿಸಿ, ಕಾಲು ನೆಲಕ್ಕೆ ತಾಗದಿದ್ದರೆ ಕೆಳಗೊಂದು ಊಟದ ಮಣೆ ಹಾಕಿ. ಅಂಗಡಿಯಲ್ಲಿ ಇದನ್ನೇ ಫುಟ್‌ರೆಸ್ಟ್ ಅಂತ ಸಾವಿರ ರೂಪಾಯಿಗೆ ಮಾರುತ್ತಾರೆ. ಲ್ಯಾಪ್‌ಟಾಪನ್ನು ಪುಸ್ತಕದ ಮೇಲೆ ಎತ್ತರಕ್ಕಿಟ್ಟು ಬೇರೆ ಕೀಬೋರ್ಡ್ ಬಳಸಿ. ಪರದೆಯ ಮೇಲಂಚು ಕಣ್ಣಿನ ಸಮ ಇರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಬೇಕು ಅನ್ನುತ್ತಾರಲ್ಲ, ನಿಮಗೆ ಕಿಟಕಿಯಾಚೆ ತೋಟ ಇದೆ. ನಮಗೆ ಎದುರು ಮನೆಯ ನೀರಿನ ಟ್ಯಾಂಕು.

ತುಂಗೆ ದಂಡೆ, ತೀರ್ಥಹಳ್ಳಿ ತಾಲ್ಲೂಕು

ಮಾನಿಟರು, ದೀಪ ಎರಡನ್ನೂ ಸದ್ಯಕ್ಕೆ ಬಿಟ್ಟೆ. ಅಟ್ಟದಲ್ಲಿ ಎರಡು ಹಲಸಿನ ಹಲಗೆ ಸಿಕ್ಕಿವೆ, ಆಚಾರಿ ಭಾನುವಾರ ಬರುತ್ತಾರೆ. ಕರೆಂಟಣ್ಣ, ಇನ್ವರ್ಟರನ್ನು ಅದೇ ಕೋಣೆಯ ಮೂಲೆಯಲ್ಲಿ ಇಡಬಹುದಾ? ಸಿಡಿಲಿಗೆ ಏನು ಮಾಡಲಿ? ಹೋದ ವರ್ಷ ಏಪ್ರಿಲ್‌ನಲ್ಲಿ ಟಿವಿ ಸುಟ್ಟಿತ್ತು.

ಕರೆಂಟಣ್ಣ, ಹೊಸನಗರ

ಆ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಬಾಗಿಲು ಹಾಕಿ ಕೂರುವ ಕೋಣೆಯಲ್ಲಿ ಬೇಡ, ಜಗಲಿಯ ಮೂಲೆಯಲ್ಲಿ ಇಡಿ, ಎರಚಲು ಬಡಿಯಬಾರದು. ದೇವರ ದೀಪದಿಂದ ದೂರ ಇರಲಿ. ಡಿಸ್ಟಿಲ್ಡ್ ನೀರಿನ ಮಟ್ಟ ಆಗಾಗ ನೋಡಿ, ಬಾವಿ ನೀರು ಹಾಕಬೇಡಿ.

ಸಿಡಿಲಿಗೆ ಪ್ಲಗ್ ಕೀಳುವುದೇ ಮೊದಲ ಮದ್ದು. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ಫೈಬರ್ ಗಾಜಿನದು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಕಂಬದಿಂದ ಬರುವ ಕೆಲವು ಫೈಬರ್ ತಂತಿಗೆ ಜಗ್ಗದಿರಲಿ ಅಂತ ಸ್ಟೀಲ್ ಎಳೆ ಸೇರಿಸಿರುತ್ತಾರೆ, ಅದನ್ನು ಗೋಡೆಯ ಹೊರಗೇ ನಿಲ್ಲಿಸಲು ಹೇಳಿ. ಮೇನ್ ಬೋರ್ಡಿಗೆ ಸಿಡಿಲಿನ ಅತಿ ವೋಲ್ಟೇಜನ್ನು ನೆಲಕ್ಕೆ ತಳ್ಳುವ ಎಸ್‌ಪಿಡಿ ಹಾಕಬಹುದು, ಆದರೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಸುಮ್ನೆ ಒಂದು ಡಬ್ಬಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಹಿಡಿಯುವುದಿಲ್ಲ, ಸಿಡಿಲು ಬರುವುದೂ ಆ ಏಪ್ರಿಲ್ ಮೇ ತಿಂಗಳಲ್ಲೇ. ಗುಂಡಿಗೆ ಇದ್ದಿಲು, ಉಪ್ಪು ಹಾಕಿದ್ದಾರಾ ಕೇಳಿ, ಮಾರ್ಚ್‌ನಿಂದ ವಾರಕ್ಕೆರಡು ಕೊಡ ನೀರು ಹೊಯ್ಯಿರಿ. ಟಿವಿ ಸುಟ್ಟಿದೆ ಅಂದರೆ ನನಗೆ ಅನುಮಾನ ಅಲ್ಲೇ. ಹಳೇ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತಿಗೆ ಅರ್ಥ್ ವೈರೇ ಇರುವುದಿಲ್ಲ. ಮೇನ್ ಬೋರ್ಡಿನದೊಂದು, ಅರ್ಥ್ ಗುಂಡಿಯದೊಂದು ಫೋಟೋ ತೆಗೆದು ಇಲ್ಲೇ ಹಾಕಿ. ಬೋರ್ಡಿನ ಮುಚ್ಚಳ ಮಾತ್ರ ನೀವೇ ಬಿಚ್ಚಲು ಹೋಗಬೇಡಿ.